ಆ ಧ್ವನಿ ನನ್ನದೇ

ಫೆಬ್ರವರಿ 4

ಅಮ್ಮನಿಗೆ,

ಕಾಗದದಲ್ಲೇ ಬರೆ, ಲಕೋಟೆಗೆ ಅಂಟು ಹಚ್ಚಿ ಕಳಿಸು ಎಂದು ಯಾಕೆ ಹಟ ಹಿಡಿದೆಯೋ ಗೊತ್ತಿಲ್ಲ. ಅಂಚೆ ಕಚೇರಿಯಲ್ಲಿ ಲಕೋಟೆ ಕೇಳಿದಾಗ ಕೌಂಟರಿನಾತ ನನ್ನನ್ನು ವಸ್ತುಸಂಗ್ರಹಾಲಯದಿಂದ ತಪ್ಪಿಸಿಕೊಂಡು ಬಂದವಳ ಹಾಗೆ ನೋಡಿದ.

ಕೆಲಸಕ್ಕೆ ಸೇರಿ ತಿಂಗಳಾಯಿತು. ಸಾಹಿತ್ಯ ಓದಿ ಏನು ಮಾಡುತ್ತೀಯೆಂದು ಚಿಕ್ಕಪ್ಪ ಕೇಳುತ್ತಿದ್ದರಲ್ಲ, ಕಿವಿಯಿಂದ ಹೊಟ್ಟೆ ಹೊರೆಯುತ್ತಿದ್ದಾಳೆ ಎಂದು ಹೇಳು. ನಮ್ಮದು ಸಹಾಯವಾಣಿ. ಮನಸ್ಸಿಗೆ ಭಾರವಾದವರು ಎಲ್ಲೆಲ್ಲಿಂದಲೋ ಕರೆ ಮಾಡುತ್ತಾರೆ. ಮೇಲಿನ ಮಹಡಿಯಲ್ಲಿ ಸಲಹೆಗಾರರು ಅವರೊಡನೆ ಮಾತಾಡುತ್ತಾರೆ. ಆ ಮಾತೆಲ್ಲ ರೆಕಾರ್ಡ್ ಆಗಿ ಕೆಳಗೆ ನಮ್ಮ ಏಳು ಜನರ ಬಳಿ ಬರುತ್ತದೆ. ನಾವು ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನು ಟೈಪ್ ಮಾಡಬೇಕು. ಕರೆ ಮಾಡಿದವರ ಹೆಸರು ಇರುವುದಿಲ್ಲ, ಫೈಲಿನ ಮೇಲೆ ಅವರ ಫೋನ್ ನಂಬರು ಮಾತ್ರ. ಯಾರಾದರೂ ಅತ್ತರೆ ‘ಮೌನ’ ಎಂದು ಹಾಕಬೇಕು. ‘ಅಳು’ ಎಂದು ಹಾಕಿದರೆ ಅದು ನಮ್ಮ ಅಭಿಪ್ರಾಯವಾಗುತ್ತದಂತೆ.

ನನ್ನ ಎದುರು ಕೂರುವವಳನ್ನು ಎಲ್ಲರೂ ಬಿರುಗಾಳಿ ಎನ್ನುತ್ತಾರೆ. ಟೈಪಿಂಗಿನ ವೇಗಕ್ಕಲ್ಲ, ಅವಳು ಬಾಗಿಲು ಹಾಕುವ ರೀತಿಗೆ.

ಇಲ್ಲೊಂದು ನಿಯಮವಿದೆ. ಕಿವಿಗೆ ಬಿದ್ದ ಧ್ವನಿ ಗುರುತಿನವರದು ಎನ್ನಿಸಿದ ಕೂಡಲೇ ಹೆಡ್‌ಫೋನ್ ತೆಗೆಯಬೇಕು, ಫೈಲನ್ನು ಬೇರೊಬ್ಬರಿಗೆ ಒಪ್ಪಿಸಬೇಕು. ಗೋಡೆಯ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದಾರೆ, ಎದ್ದು ಹೋಗಿ ಅದರಲ್ಲಿ ಸಹಿ ಮಾಡಬೇಕು. ಯಾರ ಧ್ವನಿ ಎಂದು ಯಾರೂ ಕೇಳುವುದಿಲ್ಲ. ಆದರೆ ಕುರ್ಚಿ ಸರಿದ ಸದ್ದಿಗೆ ಆರು ತಲೆಗಳೂ ಮೇಲೇಳುತ್ತವೆ. ನನ್ನಂಥ ಮುದುರಿಕೊಳ್ಳುವವಳಿಗೆ ಆ ಮೊಳೆಯವರೆಗಿನ ಹತ್ತು ಹೆಜ್ಜೆ ಹತ್ತು ಮೈಲಿ.

ಕಿವಿ ಬಿಸಿಯಾಗಿರುವ
ನಿನ್ನ ಮಗಳು

ಫೆಬ್ರವರಿ 13

ಮಗಳೇ,

ಪತ್ರ ಬಂತು. ಎರಡು ಸಲ ಓದಿದೆ.

ನಮ್ಮ ಆಸ್ಪತ್ರೆಯ ಲಾಂಡ್ರಿಗೆ ಹೊಸ ಯಂತ್ರ ಬಂದಿದೆ. ಒಂದೇ ಸಲಕ್ಕೆ ಒಂದು ವಾರ್ಡಿನ ಹಾಸಿಗೆ ಬಟ್ಟೆಯಷ್ಟನ್ನೂ ನುಂಗುತ್ತದೆ, ಆದರೆ ಗುಂಡಿ ಒತ್ತಲು ನಾನೇ ಬೇಕು. ಹನ್ನೊಂದು ಹೆಂಗಸರ ಮೇಲೆ ಮೇಲ್ವಿಚಾರಕಿ ಅಂತ ನನ್ನನ್ನು ಇಟ್ಟಿರುವುದು ಇದಕ್ಕೇ ಇರಬೇಕು. ಕೆಳಗಿನ ಮನೆಯ ನಿನ್ನ ಚಿಕ್ಕಪ್ಪ ದಿನಕ್ಕೊಮ್ಮೆ ಹತ್ತಿ ಬಂದು ನನ್ನ ಬಾಗಿಲಿನ ಚಿಲಕ ಅಲ್ಲಾಡಿಸಿ ನೋಡಿ ಹೋಗುತ್ತಾನೆ. ನಿಮ್ಮಪ್ಪ ಹೋದ ಮೇಲೆ ಅದು ಅವನ ಜವಾಬ್ದಾರಿಯಂತೆ.

ಒಂದು ಮಾತು ಕೇಳುತ್ತೇನೆ. ನೀವು ಟೈಪ್ ಮಾಡುವುದು ಆಯಾ ದಿನದ ಕರೆಗಳನ್ನೋ, ಹಳೆಯದನ್ನೋ? ಹೋದ ವರ್ಷದ್ದನ್ನೆಲ್ಲ ಏನು ಮಾಡುತ್ತಾರೆ? ನಮ್ಮ ಲಾಂಡ್ರಿಯ ಗೋಡೆಗೂ ನಿಮ್ಮ ನಂಬರಿನ ಪೋಸ್ಟರ್ ಅಂಟಿಸಿದ್ದಾರೆ, ಅದಕ್ಕೇ ಕೇಳಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ

ಫೆಬ್ರವರಿ 22

ಅಮ್ಮನಿಗೆ,

ಹಳೆಯ ಕರೆಗಳು ರಾಶಿ ಬಿದ್ದಿದ್ದವು. ಈಗ ಒಂದು ದಾರಿ ಸಿಕ್ಕಿದೆ. ಧ್ವನಿಯನ್ನು ಹಾಕಿದರೆ ತಾನೇ ಅಕ್ಷರ ಮಾಡಿಕೊಡುವ ವೆಬ್‌ಸೈಟ್ ಒಂದಿದೆ, ಪುಕ್ಕಟೆ. ನಾನು ಒಂದು ಅಪರಾಹ್ನ ಕೂತು ಬೆವರುವುದನ್ನು ಅದು ನಾಲ್ಕು ನಿಮಿಷದಲ್ಲಿ ಮುಗಿಸುತ್ತದೆ. ಮೊದಲು ಒಂದು ಫೈಲನ್ನು ಹಾಕಿ ನೋಡಿದವಳು ನಾನೇ. ಮ್ಯಾನೇಜರ್ ಮೇಡಂ ಬೆನ್ನು ತಟ್ಟಿ, ಇನ್ನು ಮೇಲೆ ಎಲ್ಲರೂ ಹೀಗೇ ಮಾಡಿ ಎಂದರು.

ಹಾಗಾಗಿ ಹಳೆಯ ಕರೆಗಳನ್ನು ಮನುಷ್ಯರು ಯಾರೂ ಕೇಳುವುದಿಲ್ಲ ಅಮ್ಮ. ನೀನು ನಿಶ್ಚಿಂತೆಯಿಂದಿರು. ಅಂದರೆ, ಕರೆ ಮಾಡಿದವರು ನಿಶ್ಚಿಂತೆಯಿಂದಿರಬಹುದು ಎಂದೆ.

ನಿನ್ನ ಮಗಳು

ಮೇ 11

ಅಮ್ಮ,

ಎರಡೂವರೆ ತಿಂಗಳಿಂದ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಹವಾಮಾನದ ವಿಷಯವೇ ಬರುತ್ತಿತ್ತು. ಇವತ್ತು ಅದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ನಾವು ಫೈಲು ಹಾಕುತ್ತಿದ್ದ ವೆಬ್‌ಸೈಟು ಧ್ವನಿಯನ್ನು ಅಕ್ಷರ ಮಾಡಿ ಸುಮ್ಮನಾಗುತ್ತಿರಲಿಲ್ಲ. ಎಲ್ಲವನ್ನೂ ತನ್ನ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತಿತ್ತು. ಆ ಉಗ್ರಾಣಕ್ಕೆ ಬೀಗವಿರಲಿಲ್ಲ. ಹೋದ ವಾರ ಒಬ್ಬರು ಮೇಷ್ಟ್ರು ತಮ್ಮ ಫೋನ್ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದಾಗ, ನಮ್ಮ ಸಲಹೆಗಾರರ ಮುಂದೆ ತಾವು ಅತ್ತದ್ದು ಅವರಿಗೇ ಕೇಳಿಸಿತು. ನಾವು ‘ಮೌನ’ ಎಂದು ಟೈಪ್ ಮಾಡುತ್ತಿದ್ದ ಜಾಗದಲ್ಲಿ ನಿಜವಾದ ಅಳುವೇ ಇತ್ತು. ಎರಡು ಸಾವಿರದ ಮುನ್ನೂರು ಕರೆಗಳು, ಪ್ರತಿಯೊಂದರ ಮೇಲೂ ನಂಬರು. ಈಗ ತೆಗೆಸಿದ್ದಾರೆ. ಆದರೆ ಸುದ್ದಿಯಾದ ಮೇಲೆ, ಗೊತ್ತಿರುವವರ ನಂಬರು ಹಾಕಿ ನೋಡುವುದನ್ನು ಜನ ಆಟ ಮಾಡಿಕೊಂಡಿದ್ದರು. ಅಷ್ಟರಲ್ಲಿ ತಮ್ಮ ಫೋನಿಗೆ ಇಳಿಸಿಕೊಂಡವರ ಹತ್ತಿರ ಎಷ್ಟಿವೆಯೋ ಯಾರಿಗೂ ಗೊತ್ತಿಲ್ಲ.

ಅದರಲ್ಲಿ ನಿನ್ನದೂ ಇದೆ.

ಫೆಬ್ರವರಿ ಹದಿನೇಳನೇ ತಾರೀಕು, ನಿನ್ನ ಪತ್ರ ಬಂದ ಮರುದಿನ, ನಂಬರಿನ ಕಡೆ ನೋಡದೆ ಹಳೆಯ ಒಂದು ಫೈಲು ತೆರೆದೆ. ‘ನೀವು ನಗಬಾರದು, ಮೊದಲೇ ಹೇಳಿಬಿಡ್ತೀನಿ’ ಎಂದಿತು. ಹಾಗೆ ಮಾತು ಶುರು ಮಾಡುವವರು ನನಗೆ ಗೊತ್ತಿದ್ದ ಹಾಗೆ ಜಗತ್ತಿನಲ್ಲಿ ಒಬ್ಬರೇ. ಹೆಡ್‌ಫೋನ್ ಕಿತ್ತಿಟ್ಟೆ. ಮುಂದಿನ ಒಂದು ಅಕ್ಷರವನ್ನೂ ಕೇಳಲಿಲ್ಲ. ಎದ್ದು ಹೋಗಿ ನೋಟ್‌ಬುಕ್ಕಿನಲ್ಲಿ ಸಹಿ ಮಾಡಿ ಬಿರುಗಾಳಿಗೆ ಫೈಲು ಕೊಡಬೇಕಿತ್ತು. ಕೊಡಲಿಲ್ಲ. ನನ್ನ ಮುಖ ನೋಡಿದರೆ ಯಾರೆಂದು ಅವಳಿಗೆ ತಿಳಿದುಬಿಡುತ್ತಿತ್ತು. ನಾನೂ ಕೇಳದೆ, ಅವಳೂ ಕೇಳದೆ ಕೆಲಸ ಮುಗಿಯಬೇಕಿತ್ತು. ಅದಕ್ಕೇ ಆ ವೆಬ್‌ಸೈಟು ಹುಡುಕಿದೆ. ನಾನು ಮೊದಲು ಹಾಕಿ ನೋಡಿದ ಫೈಲು ಯಾವುದು ಎಂದು ಈಗ ನಿನಗೆ ಗೊತ್ತಾಯಿತಲ್ಲ.

ಅಷ್ಟು ಜನರ ಗುಟ್ಟು ಹೊರಬಿದ್ದದ್ದು ನನ್ನ ಸಂಕೋಚದ ಬಾಗಿಲಿಂದ. ಕ್ಷಮಿಸು ಎಂದು ಬರೆದರೆ ತೀರಾ ಚಿಕ್ಕದಾಗಿ ಕಾಣುತ್ತದೆ.

ನಿನ್ನ ಮಗಳು

ಮೇ 20

ಮಗಳೇ,

ನಿನ್ನ ಪತ್ರಕ್ಕಿಂತ ಮೊದಲೇ ನನ್ನ ಧ್ವನಿ ಇಲ್ಲಿಗೆ ಬಂದು ಸೇರಿತ್ತು.

ಹುಡುಕಿದವನು ನಿನ್ನ ಚಿಕ್ಕಪ್ಪ. ಮೂವತ್ತು ವರ್ಷ ಮೀಟರ್ ರೀಡರ್ ಆಗಿದ್ದವನು, ಕಂಡವರ ಮನೆಯೊಳಗೆ ಇಣುಕುವ ಚಟ ನಿವೃತ್ತಿಯಾದರೂ ಹೋಗಿಲ್ಲ. ಗೊತ್ತಿದ್ದವರ ನಂಬರೆಲ್ಲ ಹಾಕಿದನಂತೆ. ಸಿಕ್ಕಿದ್ದನ್ನು ಹೆಂಡತಿಗೆ ಕಳಿಸಲು ಹೋಗಿ ಕಟ್ಟಡದ ಗ್ರೂಪಿಗೇ ಕಳಿಸಿದ. ಕೈ ತಪ್ಪಿತು ಅನ್ನುತ್ತಾನೆ.

ಫೋನ್ ಹಿಡಿದುಕೊಂಡು ಮೇಲೆ ಬಂದ.

‘ಅತ್ತಿಗೆ, ಇದು ನೀವಾ?’

‘ನಿಂಗೆ ಯಾರು ಅನ್ಸುತ್ತೆ?’

‘ನೀವೇ ಅನ್ಸುತ್ತೆ.’

‘ಮತ್ತೆ ಕೇಳೋದ್ಯಾಕೆ?’

ಮೆಟ್ಟಿಲಲ್ಲಿ ಎದುರಾದವರು ಈಗ ಚಪ್ಪಲಿ ನೋಡಿಕೊಂಡು ಹೋಗುತ್ತಾರೆ.

ನಿನ್ನ ಮೇಲೆ ಸಿಟ್ಟಿದೆ. ನೀನೇ ಕೇಳಿದ್ದರೆ ಒಬ್ಬಳಿಗೆ ಗೊತ್ತಾಗುತ್ತಿತ್ತು, ಆ ಬಾಗಿಲು ಬಡಿಯುವವಳು ಕೇಳಿದ್ದರೆ ಇಬ್ಬರಿಗೆ. ನಾಚಿಕೊಂಡು ನೀನು ಏನು ಉಳಿಸಿದೆ ಹೇಳು. ಸದ್ಯಕ್ಕೆ ಬರೆಯಬೇಡ.

ಅಮ್ಮ

ಜೂನ್ 3

ಅಮ್ಮ,

ಬರೆಯಬೇಡ ಎಂದಿದ್ದೆ. ಹದಿನೈದನೇ ತಾರೀಕಿನ ಒಳಗೆ ನಿನ್ನದೊಂದು ಮಾತು ಬೇಕಾಗಿರುವುದರಿಂದ ಬರೆಯುತ್ತಿದ್ದೇನೆ.

ಕರೆ ಮಾಡಿದವರಿಗೆಲ್ಲ ಸಂಸ್ಥೆಯಿಂದ ಒಂದು ಪತ್ರ ಹೋಗಬೇಕು, ಅವರ ಫೋನಿಗೆ. ನಿನ್ನೆ ಮೇಡಂ ಮತ್ತು ವಕೀಲರು ನನ್ನನ್ನು ಕರೆದರು. ವಕೀಲರು ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಹೇಳಿದರು: ‘ಈಗ ಚೂರು ಸ್ಯಾಂಪಲ್ ಇದ್ರೆ ಸಾಕು, ಯಾರ ಧ್ವನಿ ಬೇಕಾದ್ರೂ ಕಂಪ್ಯೂಟರಲ್ಲಿ ತಯಾರಾಗುತ್ತೆ. ಜನಕ್ಕೂ ಇದು ಗೊತ್ತು. ನಾವೇನೂ ಸುಳ್ಳು ಹೇಳೋದು ಬೇಡ. ಅನುಮಾನ ಹುಟ್ಟಿಸಿದ್ರೆ ಸಾಕು.’

ಮೇಡಂ ನನ್ನ ಕಡೆ ತಿರುಗಿ, ‘ನೀನು ಲಿಟರೇಚರ್ ಅಲ್ವೇನಮ್ಮ. ಯಾರಿಗೂ ನೋವಾಗದ ಹಾಗೆ ಬರೆದುಕೊಡು. ನಿನ್ನ ಹೆಸರೂ ಎಲ್ಲೂ ಬರಲ್ಲ’ ಎಂದರು.

ಬರೆದೆ. ‘ಹರಿದಾಡುತ್ತಿರುವ ಧ್ವನಿಗಳು ಕೃತಕ ತಂತ್ರಜ್ಞಾನದ ಸೃಷ್ಟಿಯಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.’ ಇಷ್ಟು ನುಣುಪಾದ ವಾಕ್ಯವನ್ನು ನಾನು ಪರೀಕ್ಷೆಯಲ್ಲೂ ಬರೆದಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೆಂದರೆ ಇದೇ ಎಂದು ಗೊತ್ತು. ಆದರೆ ಈ ಪತ್ರ ಹೋದರೆ ನೀನು ಉಳಿಯುತ್ತೀಯ. ಚಿಕ್ಕಪ್ಪನ ಮುಂದೆ ಇದನ್ನು ಹಿಡಿದು, ನೋಡು, ಅದು ನಾನಲ್ಲ ಎನ್ನಬಹುದು. ಯಾರೂ ಎದುರಾಡಲಾರರು.

ಹದಿನೈದಕ್ಕೆ ಕಳಿಸುವ ಗುಂಡಿ ಒತ್ತುವವಳು ನಾನೇ. ನೀನು ಹೂಂ ಅಂದರೆ ಒತ್ತುತ್ತೇನೆ.

ನಿನ್ನ ಮಗಳು

ಜೂನ್ 8

ಮಗಳೇ,

ನಿನ್ನ ವಕೀಲರಿಗೂ ನಿನ್ನ ಚಿಕ್ಕಪ್ಪನಿಗೂ ಒಬ್ಬನೇ ಗುರು ಇರಬೇಕು.

ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ನನ್ನನ್ನು ಕೆಳಗೆ ಕರೆಸಿದ. ಅವನ ನಡುಮನೆಯಲ್ಲಿ ಕಟ್ಟಡದವರು ಎಂಟು ಜನ ಕೂತಿದ್ದರು. ನಡುವೆ ಟೀಪಾಯಿಯ ಮೇಲೆ ಅವನ ಫೋನು, ಹೆಣ ಮಲಗಿಸಿದ ಹಾಗೆ.

‘ಅತ್ತಿಗೆ, ಎಲ್ಲರನ್ನೂ ಒಪ್ಪಿಸಿದೀನಿ. ಇದು ನನ್ನ ಧ್ವನಿ ಅಲ್ಲ, ಕಂಪ್ಯೂಟರ್ ಮಾಡಿದ್ದು ಅಂತ ಒಂದೇ ಒಂದು ಮಾತು ಅಂದ್ಬಿಡಿ. ಅಣ್ಣನ ಮಾನ ಉಳಿಯುತ್ತೆ.’

ಮೂರನೇ ಮಹಡಿಯ ಹೆಡ್ಮಿಸ್ಟ್ರೆಸ್ಸು, ‘ಈಗೆಲ್ಲ ಹಾಗೆ ಮಾಡ್ತಾರಂತೆ ಕಣ್ರೀ’ ಎಂದು ದಾರಿ ಸುಗಮ ಮಾಡಿಕೊಟ್ಟಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದಳು.

‘ಹಾಕು, ಕೇಳೋಣ’ ಅಂದೆ. ಹಾಕಿದ. ಅರ್ಧಕ್ಕೇ ನಿಲ್ಲಿಸಲು ಕೈ ಚಾಚಿದ.

‘ಪೂರ್ತಿ ಹಾಕು. ನಾನು ಪೂರ್ತಿ ಮಾತಾಡಿದ್ದೆ.’

ಹನ್ನೆರಡು ನಿಮಿಷ. ಎಂಟು ಜನರೂ ನೆಲದ ಟೈಲ್ಸ್ ಎಣಿಸಿದರು. ನಾನು ಮಾತ್ರ ಗಮನವಿಟ್ಟು ಕೇಳಿದೆ. ಪರವಾಗಿಲ್ಲ, ಚೆನ್ನಾಗಿಯೇ ಮಾತಾಡಿದ್ದೇನೆ.

ನೀನು ಕೇಳಲಿಲ್ಲ ಅಂದೆ, ನಂಬಿದ್ದೇನೆ. ಹಾಗಾಗಿ ನಾನೇ ಹೇಳುತ್ತೇನೆ. ನಿಮ್ಮಪ್ಪ ಕೆಟ್ಟವರಲ್ಲ. ಕೈ ಎತ್ತಲಿಲ್ಲ, ಕುಡಿಯಲಿಲ್ಲ. ಆದರೆ ಇಪ್ಪತ್ತಾರು ವರ್ಷ ನನಗೆ ಬಂದ ಒಂದು ಲಕೋಟೆಯೂ ಮುಚ್ಚಿಕೊಂಡು ನನ್ನ ಕೈ ಸೇರಲಿಲ್ಲ. ನನ್ನಕ್ಕನ ಪತ್ರವಾಗಲಿ, ಸಂಘದ ನೋಟಿಸಾಗಲಿ, ಬ್ಲೇಡಿನಿಂದ ನೀಟಾಗಿ ಕೊಯ್ದು, ಓದಿ, ಮೇಜಿನ ಮೇಲೆ ಲೋಟದ ಕೆಳಗೆ ಇಡುತ್ತಿದ್ದರು. ಗಂಡ ಹೆಂಡತಿ ಮಧ್ಯೆ ಗುಟ್ಟೇನು ಅನ್ನುತ್ತಿದ್ದರು. ನಾನೂ ಹೌದಲ್ಲ ಅಂದುಕೊಂಡಿದ್ದೆ. ಅವರು ಹೋಗಿ ನಲವತ್ತು ದಿನಕ್ಕೆ ಆಸ್ಪತ್ರೆಯಿಂದ ಒಂದು ಲಕೋಟೆ ಬಂತು. ಸೋಪಿನ ಪುಡಿ ಬದಲಾಗಿದೆ ಅನ್ನುವ ಸುತ್ತೋಲೆ, ಅಷ್ಟೇ. ಅದನ್ನು ನಾನೇ ಹರಿದೆ. ಎಷ್ಟು ಸಂತೋಷವಾಯಿತೆಂದರೆ ಹೆದರಿಕೆಯಾಯಿತು. ಅವರಿಗಾಗಿ ಒಂದು ಹನಿ ಕಣ್ಣೀರು ಬಂದಿರಲಿಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಇದು ಕಾಯಿಲೆಯಾ ಅಂತ ಕೇಳೋಣ ಅಂತ ಪೋಸ್ಟರಿನ ನಂಬರಿಗೆ ಕರೆ ಮಾಡಿದೆ. ಆ ಕಡೆಯ ಹೆಂಗಸು ನಗಲಿಲ್ಲ. ಅವಳಿಗೆ ಹೇಳಿದಷ್ಟನ್ನು ನಾನು ಹುಟ್ಟಿದಂದಿನಿಂದ ಯಾರಿಗೂ ಹೇಳಿರಲಿಲ್ಲ.

ಅದು ನನ್ನದಲ್ಲ ಅಂತ ಹೇಗೆ ಹೇಳಲಿ? ನನ್ನದು ಅಂತ ಇದ್ದದ್ದೇ ಅದೊಂದು.

‘ಧ್ವನಿ ನನ್ನದೇ’ ಅಂದೆ. ‘ಮಾತೂ ನನ್ನದೇ. ಕದ್ದದ್ದು ಮಾತ್ರ ನಾನಲ್ಲ. ನನ್ನ ನಂಬರ್ ಹಾಕಿ ಯಾಕೆ ಹುಡುಕಿದೆ, ಅದನ್ನ ಮೊದಲು ಹೇಳು.’

ಅವನು ಗಾದೆ ಹೇಳಿದ. ‘ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ ಅತ್ತಿಗೆ.’

‘ಎಲ್ಲಿ ಹೋಗಿದೆಯಪ್ಪ? ನಿನ್ನ ಫೋನಲ್ಲೇ ಇದೆ. ಅಳಿಸು.’

ಹೆಡ್ಮಿಸ್ಟ್ರೆಸ್ಸು ಕೆಮ್ಮಿದಳು, ಆಮೇಲೆ ತನ್ನ ಫೋನು ತೆಗೆದು ಅಳಿಸಿದಳು. ಇನ್ನಿಬ್ಬರು ಅಳಿಸಿದರು. ನಿನ್ನ ಚಿಕ್ಕಪ್ಪ ಅಳಿಸಲಿಲ್ಲ. ‘ಇನ್ನು ಮೇಲೆ ನಮಗೂ ನಿಮಗೂ ಮಾತಿಲ್ಲ’ ಎಂದ.

‘ಸರಿ. ಚಿಲಕ ನೋಡೋಕೂ ಬರಬೇಡ.’

ಮೇಲೆ ಹತ್ತಿ ಬಂದು ಚಿಲಕ ಸರಿಯಾಗಿ ಹಾಕಿದ್ದೇನಾ ಅಂತ ಎರಡು ಸಲ ನೋಡಿದೆ. ನಿನಗೆ ಸುಳ್ಳು ಯಾಕೆ ಹೇಳಲಿ.

ಈಗ ನಿನ್ನ ವಿಷಯ. ಹೂಂ ಅನ್ನುವುದಿಲ್ಲ. ಆ ನುಣುಪಾದ ವಾಕ್ಯ ಕಳಿಸಿದರೆ, ಎರಡು ಸಾವಿರ ಚಿಲ್ಲರೆ ಜನಕ್ಕೆ ನೀವು ಮಾತಾಡಿಯೇ ಇಲ್ಲ, ನೀವು ಅತ್ತೇ ಇಲ್ಲ ಅಂದ ಹಾಗೆ. ನನ್ನನ್ನು ಉಳಿಸುವ ನೆಪ ಬೇಡ. ನಿನ್ನ ಹೆಸರು ಬರುತ್ತದೆ ಅನ್ನುವ ಭಯವಿದ್ದರೆ ಹಾಗಂತಲೇ ಹೇಳು, ಅದು ನನಗೆ ಅರ್ಥವಾಗುತ್ತದೆ.

ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲದ
ಅಮ್ಮ

ಜೂನ್ 16

ಅಮ್ಮ,

ಭಯವಿತ್ತು. ನಿನ್ನ ಹೆಸರಿನ ಹಿಂದೆ ಅಡಗಿಸಿಟ್ಟಿದ್ದೆ. ನೀನು ಅಲ್ಲಿಗೇ ಕೈ ಹಾಕಿದೆ.

ನಿನ್ನೆ ಮೇಡಂ ಒಪ್ಪಿದ ಪತ್ರವನ್ನು ತೆಗೆದು ಬೇರೊಂದನ್ನು ಇಟ್ಟೆ. ಕೈ ಗುಂಡಿಯ ಮೇಲಿತ್ತು, ಒತ್ತಲು ಆಗುತ್ತಿರಲಿಲ್ಲ. ಬಿರುಗಾಳಿ ಎದ್ದು ನನ್ನ ಹಿಂದೆ ಬಂದು ನಿಂತು ಪೂರ್ತಿ ಓದಿದಳು.

‘ಎರಡನೇ ಸಾಲಲ್ಲಿ ನಾನು ಅಂತ ಬರೆದಿದೀಯಲ್ಲ, ನಾವು ಅಂತ ಮಾಡು. ನಾನೇನು ಮುನ್ನೂರು ಫೈಲು ಹಾಕಿಲ್ವಾ?’

ತಿದ್ದಿದೆ. ಆಮೇಲೆ ನಾನೇ ಒತ್ತಿದೆ. ಕಳಿಸಿದ್ದು ಇದು:

‘ನಮ್ಮ ಸಹಾಯವಾಣಿಗೆ ಕರೆ ಮಾಡಿದವರಿಗೆ. ನಿಮ್ಮ ಧ್ವನಿಯನ್ನು ಕೇಳಿ ಟೈಪ್ ಮಾಡಬೇಕಿದ್ದ ನಾವು ಅದನ್ನು, ನಿಮ್ಮ ಫೋನ್ ನಂಬರಿನ ಸಮೇತ, ಒಂದು ಪುಕ್ಕಟೆ ವೆಬ್‌ಸೈಟಿಗೆ ಹಾಕಿದೆವು. ಮೊದಲು ಹಾಕಿದವಳು ನಾನು. ಮುಂದುವರಿಸಿ ಎಂದದ್ದು ನಮ್ಮ ಸಂಸ್ಥೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಯಾರು ಬೇಕಾದರೂ ಅದನ್ನು ತೆರೆಯಬಹುದಿತ್ತು. ಯಾರೂ ಬೀಗ ಒಡೆಯಲಿಲ್ಲ, ಬೀಗವೇ ಇರಲಿಲ್ಲ. ಆ ಧ್ವನಿ ನಿಮ್ಮದಲ್ಲ ಎಂದು ನೀವು ಹೇಳಿದರೆ ನಾವು ಎದುರಾಡುವುದಿಲ್ಲ. ಆದರೆ ನಿಮ್ಮ ಪರವಾಗಿ ಆ ಮಾತನ್ನು ನಾವು ಹೇಳುವುದಿಲ್ಲ. ನೀವು ಮಾತಾಡಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ನಮ್ಮದು. ದೂರು ಕೊಡುವ ಕಚೇರಿಯ ವಿಳಾಸ ಕೆಳಗಿದೆ.’

ಕೊನೆಗೆ ನನ್ನ ಹೆಸರು ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಮೇಲಿನಿಂದ ಕರೆ ಬಂತು. ಅರ್ಧ ಗಂಟೆಗೆ ನನ್ನ ಮೇಜು ಖಾಲಿಯಾಯಿತು. ನನ್ನದೆಂದು ತೆಗೆದುಕೊಂಡು ಹೋಗಲು ಇದ್ದದ್ದು ಒಂದು ಬಾಚಣಿಗೆ ಮತ್ತು ಒಂದು ನಿಘಂಟು. ಬಿರುಗಾಳಿ ಬಾಗಿಲವರೆಗೆ ಬಂದು, ನಾನು ದಾಟಿದ ಮೇಲೆ ಅದನ್ನು ಎಂಥ ಜೋರಿನಿಂದ ಹಾಕಿದಳೆಂದರೆ, ಮೇಲಿನ ಮಹಡಿಯವರು ಕಿಟಕಿಗೆ ಬಂದರು.

ಕೆಲಸವಿಲ್ಲದ, ಹೆದರಿಕೆಯೂ ಅಷ್ಟಾಗಿ ಇಲ್ಲದ
ನಿನ್ನ ಮಗಳು

ಜುಲೈ 2

ಮಗಳೇ,

ನಿನ್ನ ಪತ್ರ ನನ್ನ ಫೋನಿಗೂ ಬಂತು. ನಾನೂ ಕರೆ ಮಾಡಿದವಳಲ್ಲವೇ. ಲಾಂಡ್ರಿಯಲ್ಲಿ ಎಲ್ಲರ ಮುಂದೆ ಓದಿ ಹೇಳಿದೆ, ಬರೆದವಳು ನನ್ನ ಮಗಳು ಎಂದೂ ಹೇಳಿದೆ.

ಆಮೇಲೆ ಇಸ್ತ್ರಿಯವಳು ಬಂದು ನನ್ನೆದುರು ನಿಂತು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದಳು. ಹನ್ನೊಂದು ವರ್ಷದಲ್ಲಿ ಹಬೆ ಸಾಲದು ಅನ್ನುವುದು ಬಿಟ್ಟು ಬೇರೆ ಮಾತಾಡಿದವಳಲ್ಲ. ಎರಡು ಮಡಿಕೆ ಆದ ಮೇಲೆ, ‘ಅಕ್ಕ, ಆ ಮೆಸೇಜು ನಂಗೂ ಬಂದಿದೆ’ ಅಂದಳು. ಸಂಜೆಯೊಳಗೆ ಇನ್ನಿಬ್ಬರು, ಒಬ್ಬಳು ಒಣಗಿಸುವ ಕೋಣೆಯಲ್ಲಿ, ಇನ್ನೊಬ್ಬಳು ಬಚ್ಚಲ ಬಾಗಿಲಲ್ಲಿ. ಒಂದೇ ಪೋಸ್ಟರಿನ ಕೆಳಗೆ ಇಷ್ಟು ವರ್ಷ ಬಟ್ಟೆ ಒಗೆದಿದ್ದೇವೆ, ಒಬ್ಬಳು ಕರೆ ಮಾಡಿದ್ದು ಇನ್ನೊಬ್ಬಳಿಗೆ ಗೊತ್ತಿಲ್ಲ. ಏನು ಹೇಳಿಕೊಂಡಿದ್ದರೋ ನಾನು ಕೇಳಲಿಲ್ಲ.

ನಿನ್ನೆ ಅರ್ಧ ದಿನ ರಜೆ ಹಾಕಿ ನಾಲ್ವರೂ ದೂರಿನ ಕಚೇರಿಗೆ ಹೋದೆವು. ನಾಲ್ಕು ಪುಟದ ಫಾರಂ. ಸಾಕ್ಷಿಗಳ ಜಾಗದಲ್ಲಿ ನಿನ್ನ ಹೆಸರು ಬರೆಯಲಿಲ್ಲ, ಅದನ್ನು ನೀನೇ ಬಂದು ಬರೆಯಬೇಕು. ಕೊನೆಯ ಪುಟದಲ್ಲಿ, ದೂರುದಾರರ ಗುರುತನ್ನು ಗೋಪ್ಯವಾಗಿ ಇಡಬೇಕೇ ಅಂತ ಒಂದು ಪ್ರಶ್ನೆ. ಬೇಡ ಅಂತ ಗುರುತು ಹಾಕಿದೆ.

ಗುಮಾಸ್ತ ಕನ್ನಡಕ ಮೇಲೆತ್ತಿದ. ‘ಅಮ್ಮಾ, ನಿಮ್ಮ ಹೆಸರು ಹೊರಗೆ ಬರುತ್ತೆ. ಪೇಪರಲ್ಲೂ ಬರಬಹುದು.’

‘ಬರಲಿ.’

‘ಮನೇಲಿ ಒಂದ್ಸಲ ಕೇಳ್ಕೊಂಡು ಬರ್ತೀರಾ?’

‘ಮನೇಲಿರೋದು ನಾನೇ. ಕೇಳಿ ಆಯ್ತು.’

ಉಳಿದ ಮೂವರು ನನ್ನ ಮುಖ ನೋಡಿದರು. ನಾನು ಬೇಡ ಅಂದದ್ದಕ್ಕೆ ತಾವೂ ಬೇಡ ಅನ್ನಬೇಕೇನೋ ಅನ್ನುವ ಹಾಗೆ. ‘ನಿಮ್ಮದನ್ನ ನೀವು ನೋಡ್ಕೊಳ್ರೇ, ಯಾರಿಗೆ ಹೇಳಬೇಕು ಅನ್ನೋದು ಅವರವರಿಗೆ ಸೇರಿದ್ದು, ಅದಕ್ಕೇ ತಾನೆ ನಾವು ಇಲ್ಲಿ ಬಂದಿರೋದು’ ಅಂದೆ. ಅವರು ಪೆನ್ನು ತೆಗೆದುಕೊಂಡರು. ಬರೆದು, ಮಡಚಿ, ಗುಮಾಸ್ತನ ಕೈಗೆ ಕೊಡುವವರೆಗೂ ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ.

ಅಮ್ಮ